ವೈಸ್ ಸಿಟಿಗೆ ವಿಡಿಯೊ ಕ್ಯಾಸೆಟ್ಟಿನ ರೂಪ: ವಿಎಚ್‌ಎಸ್ ಪ್ರೊ ಶೇಡರ್

ವಿಎಚ್‌ಎಸ್ ಪ್ರೊ ಒಳ್ಳೆಯ ಶೇಡರ್, ಅಂದರೆ ಜಿಟಿಎ ವೈಸ್ ಸಿಟಿಯಂಥ ಕಂಪ್ಯೂಟರ್ ಆಟದ ಚಿತ್ರವನ್ನು ಹಳೆಯ ವಿಡಿಯೊ ಕ್ಯಾಸೆಟ್ಟಿನಂತೆ (ವಿಎಚ್‌ಎಸ್) ತೋರಿಸುವ ಸಣ್ಣ ಪ್ರೋಗ್ರಾಂ. ಆದರೆ ಹಾಕಿದ ಕೂಡಲೇ ತೆರೆಯ ಮೇಲೆ ಬರುವ ಚಿತ್ರ ನಮ್ಮ ಕಡೆಯ ಕ್ಯಾಸೆಟ್ಟಿನದಲ್ಲ. ಕಲಬುರಗಿಯ ಮನೆಗಳ ಅಲಮಾರಿಗಳಲ್ಲಿ ಇವತ್ತಿಗೂ ಉಳಿದಿರುವ ಮದುವೆ ಕ್ಯಾಸೆಟ್‌ಗಳು ನಮ್ಮ ಟಿವಿಯ ಪಾಲ್ ಪದ್ಧತಿಯವು: 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಈ ಶೇಡರ್ ಲೆಕ್ಕ ಹಾಕುವುದು ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಬಣ್ಣದ ರೀತಿಯಲ್ಲಿ. ಅದನ್ನು ತಿದ್ದಿಕೊಂಡರೆ ಇದಕ್ಕಿಂತ ಹೊಂದುವ ಜೋಡಿ ವೈಸ್ ಸಿಟಿಗೆ ಸಿಗುವುದು ಕಷ್ಟ. ಆಟದ ಕತೆ ನಡೆಯುವುದೇ 1986ರಲ್ಲಿ.

ಮೊದಲ ತೊಡಕು ಇನ್‌ಸ್ಟಾಲ್ ಮಾಡುವಾಗಲೇ ಬರುತ್ತದೆ. ಹಳೆಯ ವೈಸ್ ಸಿಟಿ ಓಡುವುದು ಡೈರೆಕ್ಟ್3ಡಿ 8 ಎಂಬ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯಲ್ಲಿ, ಶೇಡರ್‌ಗಳನ್ನು ಆಟಕ್ಕೆ ಹಾಕುವ ರೀಶೇಡ್ ಎಂಬ ತಂತ್ರಾಂಶಕ್ಕೆ ಅದು ನೇರವಾಗಿ ಅರ್ಥವಾಗುವುದಿಲ್ಲ. ಡಿ3ಡಿ8ಟು9 ಎಂಬ ಸಣ್ಣ ಸೇತುವೆ ಕಡತವನ್ನು (ಡಿ3ಡಿ8.ಡಿಎಲ್‌ಎಲ್) ಆಟದ ಇಎಕ್ಸ್‌ಇ ಇರುವ ಫೋಲ್ಡರಿನಲ್ಲೇ ಇಡಿ. ಆಮೇಲೆ ರೀಶೇಡ್ ಸೆಟಪ್ ಓಡಿಸಿ, ಡೈರೆಕ್ಟ್3ಡಿ 9 ಆರಿಸಿ. ಆಟ ತೆರೆಯುವಾಗ ಡಿ3ಡಿಎಕ್ಸ್9_43 ಇಲ್ಲ ಎಂಬ ದೋಷ ಬಂದರೆ ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಬೇಕು. ಆ ಒಂದು ಕಡತವನ್ನು ಮಾತ್ರ ಎಲ್ಲಿಂದಲೋ ಇಳಿಸಿಕೊಳ್ಳಬೇಡಿ. ಶೇಡರನ್ನು ಕೈಯಿಂದ ಹಾಕುವವರು ರೀಶೇಡ್.ಎಫ್‌ಎಕ್ಸ್‌ಎಚ್ ಕಡತವೂ ಶೇಡರ್ಸ್ ಫೋಲ್ಡರಿನಲ್ಲಿದೆಯೇ ನೋಡಿ. ಅದಿಲ್ಲದೆ ಕಂಪೈಲ್ ಆಗುವುದೇ ಇಲ್ಲ. ಹೋಮ್ ಕೀ ಒತ್ತಿದರೆ ಮೆನು ತೆರೆಯುತ್ತದೆ.

ಶೇಡರ್‌ನ ಹೊಂದಾಣಿಕೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗೆರೆಗಳ ಸಂಖ್ಯೆ. ಹೆಚ್ಚಿನವರು ಅದನ್ನು 240ಕ್ಕೆ ಇಟ್ಟು, ಹಳೆಯ ವಿಡಿಯೊ ಗೇಮಿನಂತೆ ಚೌಕ ಚೌಕವಾದ ಚಿತ್ರವನ್ನೇ ಕ್ಯಾಸೆಟ್ ಎಂದುಕೊಳ್ಳುತ್ತಾರೆ. ವಿಎಚ್‌ಎಸ್‌ನ 240 ಎನ್ನುವುದು ಅಡ್ಡಕ್ಕೆ ಸಿಗುವ ವಿವರದ ಅಳತೆ. ಮೇಲಿಂದ ಕೆಳಕ್ಕೆ ಪಾಲ್ ಟೇಪಿನಲ್ಲಿ ಕಾಣುವ 576 ಗೆರೆಗಳೂ ಹಾಗೇ ಉಳಿಯುತ್ತವೆ. ಆದ್ದರಿಂದ ಆಟವನ್ನು 800×600ರಲ್ಲಿ ಓಡಿಸಿ, ಗೆರೆಗಳನ್ನೂ 600 ಮಾಡಿ. 576 ಎಂದೇ ಹಾಕಿದರೆ ಲೆಕ್ಕ ಸರಿಯಾಗಿ ಭಾಗವಾಗದೆ ಅಲ್ಲಲ್ಲಿ ಒಂದೊಂದು ಸಾಲು ದಪ್ಪವಾಗುತ್ತದೆ. ಗೆರೆ ಹೆಚ್ಚಿದಷ್ಟೂ ಟೇಪಿನ ಬಿಳಿ ಗೀರುಗಳು ತೆಳುವಾಗುವುದರಿಂದ ಟೇಪ್ ನಾಯ್ಸನ್ನು ಸ್ವಲ್ಪ ಏರಿಸಬೇಕು.

ಮಸುಕು ಬರಬೇಕಾದದ್ದು ಬ್ಲೀಡ್ ಎಂಬ, ಬಣ್ಣ ಹರಿಸುವ ಆಯ್ಕೆಯಿಂದ, ಇಲ್ಲಿ ಈ ಶೇಡರ್ ನಿಜಕ್ಕೂ ಗೆಲ್ಲುತ್ತದೆ. ವಿಎಚ್‌ಎಸ್ ಬೆಳಕಿನ ಸಿಗ್ನಲ್ಲಿಗೆ ಸುಮಾರು 3 ಮೆಗಾಹರ್ಟ್ಸ್ ಜಾಗ ಕೊಟ್ಟು, ಬಣ್ಣವನ್ನು ಅದರ ಕೆಳಗೆ, ಪಾಲ್‌ನಲ್ಲಿ 627 ಕಿಲೋಹರ್ಟ್ಸ್ ಸುತ್ತ, ಇಕ್ಕಟ್ಟಿನಲ್ಲಿ ತುರುಕುತ್ತದೆ. ಹಾಗಾಗಿ ಆಕಾರದ ಅಂಚು ಒಂದಷ್ಟು ನಿಂತರೂ ಬಣ್ಣ ಅಂಚು ದಾಟಿ ಹರಿಯುತ್ತದೆ. ಮದುವೆ ಕ್ಯಾಸೆಟ್ಟಿನಲ್ಲಿ ವಧುವಿನ ಕೆಂಪು ಸೀರೆ ಪಕ್ಕದವರ ಬಿಳಿ ಅಂಗಿಯ ಮೇಲೆ ಹರಡಿದಂತೆ, ಆಟದಲ್ಲಿ ಕಡಲದಂಡೆಯ ಬೀದಿ ಓಷನ್ ಡ್ರೈವ್‌ನ ನಿಯಾನ್ ಫಲಕಗಳ ಕೆಂಪು, ಗುಲಾಬಿ ಪಕ್ಕದ ಗೋಡೆಗೆ ಹರಿಯುತ್ತವೆ. ಬೆಳಕನ್ನೂ ಬಣ್ಣವನ್ನೂ ಬೇರೆಬೇರೆಯಾಗಿ ಮಸುಕು ಮಾಡದ ಶೇಡರ್‌ಗಳಲ್ಲಿ ಇದು ಬರುವುದೇ ಇಲ್ಲ. ಅಲ್ಲಿ ಇಡೀ ಚಿತ್ರ ಮಂಜು ಹಿಡಿದ ಗಾಜಾಗುತ್ತದೆ. ಬ್ಲೀಡ್‌ನ ವಿಧಗಳಲ್ಲಿ ತ್ರೀ ಫೇಸ್ ಸಾಕು. ಟೂ ಫೇಸ್ ನಿಧಾನ, ಅದಕ್ಕೆ ತಕ್ಕ ಲಾಭವಿಲ್ಲ.

ಸಿಗ್ನಲ್ ಟ್ವೀಕ್ ಎಂಬ, ಬಣ್ಣ ಬದಲಿಸುವ ಆಯ್ಕೆಯನ್ನು ಮುಟ್ಟಬೇಡಿ. ಮುಖ ಹಸಿರು, ಆಕಾಶ ನೇರಳೆ ಆಗುವುದು ಎನ್‌ಟಿಎಸ್‌ಸಿಯ ರೋಗ. ಪಾಲ್ ಪ್ರತಿ ಗೆರೆಗೂ ಬಣ್ಣದ ಸಿಗ್ನಲ್ಲಿನ ಫೇಸ್ (ಅಲೆಯ ಹಂತ) ತಿರುಗಿಸುವುದರಿಂದ ಅಂಥ ತಪ್ಪು ಬಣ್ಣ ಬದಲಿಸದೆ ಅದನ್ನು ಪೇಲವ ಮಾಡುತ್ತದೆ ಅಷ್ಟೇ. ಬೇಕಾದರೆ ಬೇರೊಂದು ಎಫೆಕ್ಟ್‌ನಿಂದ ಸ್ಯಾಚುರೇಷನ್ ತುಸು ಇಳಿಸಿ. ಫಿಶ್‌ಐ, ವಿಗ್ನೆಟ್ ಎರಡೂ ಟೇಪಿಗೆ ಸಂಬಂಧಪಟ್ಟವಲ್ಲ, ತೆಗೆದುಬಿಡಿ. ಫೀಡ್‌ಬ್ಯಾಕ್ ಆನ್ ಮಾಡಿದರೆ ದೀಪಗಳ ಹಿಂದೆ ಬೆಳಕಿನ ಬಾಲ ಎಳೆಯುತ್ತದೆ. ಅದು ಟ್ಯೂಬ್ ಕ್ಯಾಮೆರಾದ ಗುಣ. ಆ ಕಾಲದ ಸುದ್ದಿ ಚಿತ್ರೀಕರಣದ ಹಾಗೆ ಬೇಕೆನ್ನುವವರಿಗೆ ಚೆನ್ನಾಗಿದೆ.

ಕೊರತೆಯೂ ಇದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಕಾಪಿ ಮಾಡುತ್ತ ಹೋದಂತೆ ಬಣ್ಣ ಆಕಾರಕ್ಕಿಂತ ಕೆಳಕ್ಕೆ ಜಾರುತ್ತದೆ. ಬಾಡಿಗೆ ಕ್ಯಾಸೆಟ್ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು, ಶೇಡರ್‌ನಲ್ಲಿ ಮಾತ್ರ ಅದಿಲ್ಲ. ಇನ್ನೊಂದು, ರೀಶೇಡ್ ಇಡೀ ತೆರೆಯ ಮೇಲೆ ಕೆಲಸ ಮಾಡುವುದರಿಂದ ರಾಡಾರ್, ಹಣದ ಅಂಕಿ ಎಲ್ಲವೂ ಕಲಸಿಹೋಗುತ್ತವೆ. ತೆರೆಯ ಕೆಲವು ಭಾಗಗಳನ್ನು ಎಫೆಕ್ಟ್‌ನಿಂದ ಹೊರಗಿಡುವ ಯುಐಮಾಸ್ಕ್‌ನ ಟಾಪ್, ಬಾಟಮ್ ಎರಡರ ನಡುವೆ ವಿಎಚ್‌ಎಸ್ ಪ್ರೊ ಇಟ್ಟು ರಾಡಾರ್, ಹಣ ಕಾಣುವ ಎರಡು ಮೂಲೆಗಳನ್ನು ಉಳಿಸಿಕೊಳ್ಳಿ.

ಆಟದ ಫ್ರೇಮ್ ಲಿಮಿಟರ್ ಆನ್ ಇರಲಿ. ಅದು ಸೆಕೆಂಡಿಗೆ 30 ಫ್ರೇಮಿನ ಆಸುಪಾಸಿನಲ್ಲಿ ಹಿಡಿಯುತ್ತದೆ, ಟೇಪಿನ 25ಕ್ಕೆ ಹತ್ತಿರ. ತೆಗೆದರೆ ಗಾಡಿಗಳ ಚಲನೆಯೇ ಕೆಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಬೇಗ ಕಾದು ನಿಧಾನವಾಗುತ್ತದೆ. ಶೇಡರ್ ಹೊರೆ ಪಿಕ್ಸೆಲ್ ಲೆಕ್ಕಕ್ಕೆ ಏರುವುದು. 1920×1080ರ ಕಾಲುಭಾಗಕ್ಕಿಂತ ಕಡಿಮೆ ಪಿಕ್ಸೆಲ್ 800×600ರಲ್ಲಿವೆ. ಹೊಂದಾಣಿಕೆ ಮುಗಿದ ಮೇಲೆ ರೀಶೇಡ್ ಮೆನುವಿನ ಪರ್ಫಾರ್ಮೆನ್ಸ್ ಮೋಡ್‌ಗೆ ಟಿಕ್ ಹಾಕಿ.

ನೆಟ್ ಸೆಂಟರ್‌ನಲ್ಲಿ ಆಡುವ ಹುಡುಗರಿಗೆ ಒಂದು ಮಾತು: ಅಲ್ಲಿನ ಎಷ್ಟೋ ಕಂಪ್ಯೂಟರ್‌ಗಳು ರೀಸ್ಟಾರ್ಟ್ ಆದ ಕೂಡಲೇ ಮೊದಲಿನ ಸ್ಥಿತಿಗೆ ಮರಳುತ್ತವೆ. ಎರಡೂ ಡಿಎಲ್‌ಎಲ್ (ಸೇತುವೆಯದು, ರೀಶೇಡ್‌ನದು), ರೀಶೇಡ್-ಶೇಡರ್ಸ್ ಫೋಲ್ಡರ್, ಐಎನ್‌ಐ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಸಿಸ್ಟಮ್‌ನಲ್ಲಿ ಎಫೆಕ್ಟ್ ಪಟ್ಟಿ ಖಾಲಿ ಬಂದರೆ ರೀಶೇಡ್.ಐಎನ್‌ಐ ಹಳೆಯ ಡ್ರೈವಿನ ಪೂರ್ತಿ ದಾರಿಯನ್ನೇ ಹುಡುಕುತ್ತಿದೆ ಎಂದರ್ಥ. ಸೆಟಿಂಗ್ಸ್‌ನಲ್ಲಿ ಎಫೆಕ್ಟ್ ಮತ್ತು ಟೆಕ್ಸ್‌ಚರ್ ಹುಡುಕುವ ದಾರಿಗಳನ್ನು ಆಟದ ಫೋಲ್ಡರಿನೊಳಗಿನದಕ್ಕೆ ಬದಲಿಸಿ ರೀಲೋಡ್ ಒತ್ತಿ.