ಸೈಲೆಂಟ್ ಹಿಲ್ 2 ರೀಮೇಕ್: ಎಂಟೂ ಎಂಡಿಂಗ್ ನೋಡಿದವನ ವಿಮರ್ಶೆ

ಸೈಲೆಂಟ್ ಹಿಲ್ 2 ಅನ್ನೋ ಹಳೆಯ ಹಾರರ್ ವಿಡಿಯೋ ಗೇಮ್‌ನ ರೀಮೇಕ್ ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. ಆಗಿನಿಂದ ಬಿಟ್ಟು ಬಿಟ್ಟು ಆಡುತ್ತಲೇ ಇದ್ದೇನೆ. ಗ್ರಾಫಿಕ್ಸ್, ಮಂಜು, ಹೊಡೆದಾಟ, ಅಕಿರಾ ಯಮಾವೊಕಾ ಅವರ ಸಂಗೀತ, ಇವೆಲ್ಲದರ ಬಗ್ಗೆ ಗೇಮ್ ಬಂದ ವಾರದಲ್ಲೇ ಸಾಕಷ್ಟು ಜನ ಬರೆದಾಗಿದೆ. ಮತ್ತೆ ಮತ್ತೆ ಆಡಿದ ಮೇಲೆ ಮಾತ್ರ ಕಾಣುವ ಭಾಗ ಬೇರೆಯೇ ಇದೆ. ಇದರ ಎಂಟು ಎಂಡಿಂಗ್‌ಗಳು, ಒಳಗೆ ಬಚ್ಚಿಟ್ಟಿರುವ ಗುಟ್ಟುಗಳು. ನಾನು ಬರೆಯುತ್ತಿರುವುದು ಅವುಗಳ ಬಗ್ಗೆ. ಕಥೆಯ ದೊಡ್ಡ ತಿರುವನ್ನು ಹೇಳುವುದಿಲ್ಲ. ಆದರೆ ಎಂಡಿಂಗ್‌ಗಳು ಹೇಗೆ ಸಿಗುತ್ತವೆ ಅಂತ ಹೇಳುತ್ತೇನೆ. ಇನ್ನೂ ಆಡಿಲ್ಲ ಅಂದ್ರೆ ಒಂದು ಸಲ ಮುಗಿಸಿಕೊಂಡು ಬಂದು ಓದಿ.

ಕಥೆ ಇಷ್ಟು. ತೀರಿಹೋದ ಹೆಂಡತಿ ಮೇರಿಯ ಹೆಸರಲ್ಲಿ ಜೇಮ್ಸ್ ಸಂಡರ್‌ಲ್ಯಾಂಡ್‌ಗೆ ಒಂದು ಪತ್ರ ಬರುತ್ತದೆ. ಅವಳನ್ನು ಹುಡುಕಿಕೊಂಡು ಅವನು ಸೈಲೆಂಟ್ ಹಿಲ್ ಊರಿಗೆ ಬರುತ್ತಾನೆ. ಅಲ್ಲಿ ಮೇರಿಯ ಹಾಗೇ ಕಾಣುವ ಮರಿಯಾ ಎದುರಾಗುತ್ತಾಳೆ.

ಮೊದಲ ಸಲ ಆಡುವಾಗ ಮೂರು ಎಂಡಿಂಗ್‌ಗಳಲ್ಲಿ ಒಂದು ಸಿಗುತ್ತದೆ: ಲೀವ್, ಇನ್ ವಾಟರ್, ಮರಿಯಾ. ಯಾವುದು ಬೇಕು ಅಂತ ಗೇಮ್ ಎಲ್ಲೂ ಕೇಳುವುದಿಲ್ಲ. 'ಇವಳನ್ನು ಉಳಿಸು, ಅವನನ್ನು ಬಿಡು' ಅನ್ನೋ ಥರದ ಬಟನ್ ಬರುವುದಿಲ್ಲ. ಜೇಮ್ಸ್‌ನನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ ಅನ್ನೋದನ್ನೇ ಅದು ಲೆಕ್ಕ ಹಾಕುತ್ತಿರುತ್ತದೆ. ಪೆಟ್ಟು ಬಿದ್ದ ಕೂಡಲೇ ಔಷಧಿ ಹಾಕಿಕೊಂಡು, ಆಗಾಗ ಮೇರಿಯ ಫೋಟೋ ಮತ್ತು ಪತ್ರ ತೆಗೆದು ನೋಡಿದರೆ ಲೀವ್ ಕಡೆಗೆ ಹೋಗುತ್ತೀರಿ. ಗಾಯವನ್ನು ಹಾಗೇ ಬಿಟ್ಟು, ಸಾಯೋ ಸ್ಥಿತಿಯಲ್ಲೇ ಓಡಾಡಿಸಿದರೆ, ಊರಲ್ಲಿ ಎದುರಾಗುವ ಏಂಜೆಲಾ ಕೊಟ್ಟ ಚಾಕುವನ್ನು ಪದೇ ಪದೇ ತೆಗೆದು ನೋಡಿದರೆ ಇನ್ ವಾಟರ್. ಮರಿಯಾಳ ಹತ್ತಿರವೇ ಇದ್ದು ಅವಳಿಗೆ ಪೆಟ್ಟು ಬೀಳದ ಹಾಗೆ ನೋಡಿಕೊಂಡರೆ ಮರಿಯಾ.

ಆ ಚಾಕುವಿನ ವಿಷಯ ಸ್ವಲ್ಪ ಯೋಚಿಸಿ. ಅದನ್ನು ಆಯುಧವಾಗಿ ಬಳಸೋಕೆ ಬರುವುದಿಲ್ಲ. ಅದರಿಂದ ಯಾವ ಬಾಗಿಲೂ ತೆಗೆಯುವುದಿಲ್ಲ. ಸುಮ್ನೆ ಇನ್ವೆಂಟರಿಯಲ್ಲಿ, ಅಂದ್ರೆ ಜೇಮ್ಸ್ ಹತ್ತಿರ ಇರುವ ವಸ್ತುಗಳ ಪಟ್ಟಿಯಲ್ಲಿ, ಬಿದ್ದಿರುತ್ತದೆ. ಬದುಕೋ ಆಸೆ ಬಿಟ್ಟ ಹುಡುಗಿಯೊಬ್ಬಳು ಕೊಟ್ಟ ಚಾಕು ಅದು. ಜೇಮ್ಸ್ ಅದನ್ನು ಯಾಕೆ ಅಷ್ಟು ಸಲ ನೋಡುತ್ತಾನೆ? ಆಟಗಾರ ಕುತೂಹಲಕ್ಕೆ ತೆಗೆದು ತಿರುಗಿಸಿ ನೋಡಿರುತ್ತಾನೆ, ಅಷ್ಟೇ. ಗೇಮ್ ಮಾತ್ರ ಅದನ್ನು ಜೇಮ್ಸ್‌ನ ಮನಸ್ಸು ಅಂತ ಓದುತ್ತದೆ. ಸರ್ವೈವಲ್ ಹಾರರ್‌ನಲ್ಲಿ ಇದಕ್ಕಿಂತ ಚೆನ್ನಾಗಿ ಯೋಚಿಸಿದ ಗುಟ್ಟನ್ನು ನಾನು ನೋಡಿಲ್ಲ. 2001ರ ಮೂಲ ಗೇಮ್‌ನಲ್ಲೇ ಇದು ಇತ್ತು. ರೀಮೇಕ್ ಮಾಡಿದ ಪೋಲೆಂಡಿನ ಬ್ಲೂಬರ್ ಟೀಮ್ ಇದನ್ನು ಕೆಡಿಸದೆ ಉಳಿಸಿಕೊಂಡಿರುವುದೇ ನನಗೆ ದೊಡ್ಡ ಸಮಾಧಾನ.

ಮೂಲ ಗೇಮ್‌ನ ಇನ್ನೊಂದು ಗುಟ್ಟು ಹೇಳಲೇಬೇಕು. ಕಥೆ ಮುಂದೆ ಹೋದ ಹಾಗೆ ಮೇರಿಯ ಪತ್ರದ ಅಕ್ಷರಗಳು ಮಾಯವಾಗಿ ಬರೀ ಖಾಲಿ ಹಾಳೆ ಉಳಿಯುತ್ತದೆ. ಆಮೇಲೆ ಲಕೋಟೆಯೂ ಇರುವುದಿಲ್ಲ. ಯಾರೂ ಅದನ್ನು ನಮಗೆ ಹೇಳುವುದಿಲ್ಲ. ಇನ್ವೆಂಟರಿ ತೆರೆದು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಎಲ್ಲ ಗುಟ್ಟುಗಳೂ ಈ ಮಟ್ಟದಲ್ಲಿ ಇರುವುದಿಲ್ಲ ಅಲ್ವಾ. 1998ರ ಇನ್ನೊಂದು ಹಾರರ್ ಗೇಮ್ ರೆಸಿಡೆಂಟ್ ಈವಿಲ್ 2ರಲ್ಲಿ, ಆ ಸರಣಿಯ ಖಳನಾಯಕ ವೆಸ್ಕರ್‌ನ ಮೇಜನ್ನು 50 ಸಲ ಹುಡುಕಿದರೆ ಒಂದು ಫಿಲ್ಮ್ ರೋಲ್ ಸಿಗುತ್ತದೆ. ಅದನ್ನು ಡೆವಲಪ್ ಮಾಡಿದರೆ ಬರುವುದು ಮೊದಲ ಗೇಮ್‌ನ ಪಾತ್ರ ರೆಬೆಕಾಳ ಒಂದು ಫೋಟೋ. ಖುಷಿಯಾಗುತ್ತದೆ, ನಿಜ. ಆದರೆ ಕಥೆಗೆ ಅದರಿಂದ ಏನೂ ಆಗುವುದಿಲ್ಲ. 1999ರ ಮೊದಲ ಸೈಲೆಂಟ್ ಹಿಲ್ ನಡುವಿನ ದಾರಿ ಹಿಡಿದಿತ್ತು. ಆಸ್ಪತ್ರೆಯ ನೆಲದ ಮೇಲೆ ಚೆಲ್ಲಿದ ಕೆಂಪು ದ್ರವವನ್ನು ಬಾಟಲಿಗೆ ತುಂಬಿಕೊಂಡರೆ ಮುಂದೆ ಸಿಬಿಲ್ ಅನ್ನೋ ಪೊಲೀಸ್ ಅಧಿಕಾರಿಯನ್ನು ಉಳಿಸಬಹುದು. ಇಲ್ಲದಿದ್ದರೆ ಕಥೆ ಬೇರೆ ಕಡೆ ಹೋಗುತ್ತದೆ. ಆ ಬಾಟಲಿ ಯಾಕೆ ಬೇಕು ಅಂತ ಊಹಿಸೋಕೆ ದಾರಿಯೇ ಇಲ್ಲ. ಸೈಲೆಂಟ್ ಹಿಲ್ 2ರ ಮೂರು ಮುಖ್ಯ ಎಂಡಿಂಗ್‌ಗಳಲ್ಲಿ ಈ ತೊಂದರೆ ಇಲ್ಲ. ಏನೂ ಗೊತ್ತಿಲ್ಲದೆ ಆಡಿದರೂ ನೀವು ಆಡಿದ ರೀತಿಗೆ ಹೊಂದುವ ಕೊನೆಯೇ ಸಿಗುತ್ತದೆ.

ಹಾಗಾಗಿ ಮೊದಲ ಸಲ ದಯವಿಟ್ಟು ಗೈಡ್ ನೋಡಬೇಡಿ. ಲೆಕ್ಕ ಗೊತ್ತಾದ ಮೇಲೆ ಚಾಕು ತೆಗೆಯುವುದು, ಫೋಟೋ ನೋಡುವುದು ಎಲ್ಲ ಕೆಲಸ ಆಗಿಬಿಡುತ್ತದೆ. ಆಮೇಲೆ ಬರುವ ಕೊನೆ ನಿಮ್ಮದು ಅನ್ನಿಸುವುದಿಲ್ಲ.

ಉಳಿದ ಐದು ಎಂಡಿಂಗ್‌ಗಳಿಗೆ ನ್ಯೂ ಗೇಮ್ ಪ್ಲಸ್ ಬೇಕು, ಅಂದ್ರೆ ಒಂದು ಸಲ ಮುಗಿಸಿದ ಮೇಲೆ ಮತ್ತೆ ಮೊದಲಿಂದ ಆಡುವ ಸುತ್ತು. ಇವೆಲ್ಲ ವಸ್ತು ಹುಡುಕುವ ಆಟ. ರೀಬರ್ತ್‌ಗೆ ನಾಲ್ಕು ವಸ್ತುಗಳು ಬೇಕು: ವೈಟ್ ಕ್ರಿಸಮ್, ಅಬ್ಸಿಡಿಯನ್ ಗಾಬ್ಲೆಟ್, ಜೊತೆಗೆ ಎರಡು ಪುಸ್ತಕಗಳು. ಯುಎಫ್‌ಒ ಎಂಡಿಂಗ್‌ಗೆ ಒಂದು ನೀಲಿ ಕಲ್ಲು. ಡಾಗ್ ಎಂಡಿಂಗ್‌ಗೆ ಒಂದು ಕೀಲಿ. ಯುಎಫ್‌ಒ ಈ ಸರಣಿಯ ಹಳೆಯ ತಮಾಷೆ, 1999ರಿಂದಲೂ ಇದೆ. ಡಾಗ್ ಎಂಡಿಂಗ್‌ನಲ್ಲಿ ಇಷ್ಟೆಲ್ಲ ನಡೆಸಿದ್ದು ಒಂದು ಶಿಬಾ ಇನು ನಾಯಿ ಅಂತ ಗೊತ್ತಾಗುತ್ತದೆ. ಅಷ್ಟು ಹೊತ್ತಿನ ಭಾರ ಹೊತ್ತ ಮೇಲೆ ಆ ನಾಯಿಯನ್ನು ನೋಡಿದಾಗ ಬರುವ ನಗು ಮನಸ್ಸನ್ನು ನಿಜಕ್ಕೂ ಹಗುರ ಮಾಡುತ್ತದೆ. ಅದನ್ನು ರೀಮೇಕ್‌ನಲ್ಲೂ ಇಟ್ಟಿದ್ದಾರೆ, ಬಹಳ ಒಳ್ಳೆಯದು ಮಾಡಿದರು.

ಸ್ಟಿಲ್‌ನೆಸ್ ಮತ್ತು ಬ್ಲಿಸ್ ರೀಮೇಕ್‌ಗೆ ಅಂತಲೇ ಹೊಸದಾಗಿ ಬರೆದದ್ದು. ಬ್ಲಿಸ್ ನನ್ನನ್ನು ತುಂಬಾ ಕಾಡಿತು. ನಿಜವನ್ನು ಎದುರಿಸದೆ ಒಳ್ಳೆಯ ನೆನಪಿನೊಳಗೇ ಉಳಿದುಬಿಡುವ ಜೇಮ್ಸ್ ಅಲ್ಲಿದ್ದಾನೆ. ಹಳೆಯ ಆರರಲ್ಲಿ ಇಲ್ಲದ ಒಂದು ಸಾಧ್ಯತೆ ಅದು, ಅವನ ಸ್ವಭಾವಕ್ಕೂ ಒಪ್ಪುತ್ತದೆ. ಸ್ಟಿಲ್‌ನೆಸ್ ಚೆನ್ನಾಗಿದೆ, ಆದರೆ ಇನ್ ವಾಟರ್‌ನ ನೆರಳಲ್ಲೇ ನಿಂತಿದೆ. ಎರಡನ್ನೂ ನೋಡಿದವರಿಗೆ ಹೊಸದಾಗಿ ಸಿಗುವುದು ಕಡಿಮೆ.

ಇನ್ನು 26 ಫೋಟೋಗಳ ಒಗಟು. ಊರಿನ ತುಂಬಾ ವಿಚಿತ್ರ ಪೋಲರಾಯ್ಡ್ ಫೋಟೋಗಳು ಹರಡಿಕೊಂಡಿವೆ. ಪ್ರತಿಯೊಂದರ ಮೇಲೂ ಕೈಬರಹದ ಒಂದು ಸಾಲು. ಅವು ಯಾಕಿವೆ ಅಂತ ಗೇಮ್ ಒಂದು ಮಾತೂ ಹೇಳುವುದಿಲ್ಲ, ಯಾವ ಬಾಗಿಲೂ ಅವುಗಳಿಂದ ತೆರೆಯುವುದಿಲ್ಲ. ಕೊನೆಗೆ ಒಬ್ಬ ಅಭಿಮಾನಿ ಬಿಡಿಸಿದ. ಫೋಟೋದಲ್ಲಿ ಎದ್ದು ಕಾಣುವ ವಸ್ತುಗಳನ್ನು ಎಣಿಸಬೇಕು. ಬಂದ ಸಂಖ್ಯೆಯಷ್ಟನೇ ಅಕ್ಷರವನ್ನು ಆ ಸಾಲಿನಿಂದ ತೆಗೆಯಬೇಕು. 26 ಅಕ್ಷರ ಸೇರಿದಾಗ ಬರುವ ಇಂಗ್ಲಿಷ್ ವಾಕ್ಯದ ಅರ್ಥ: 'ನೀನು ಇಲ್ಲಿ ಎರಡು ದಶಕಗಳಿಂದ ಇದ್ದೀಯ.'

ಇದನ್ನು ಓದಿದ ಮೇಲೆ ಗೇಮ್ ಮತ್ತೆ ಶುರು ಮಾಡದೆ ಇರೋಕೆ ಆಗಲಿಲ್ಲ. ಜೇಮ್ಸ್ ಒಂದೇ ಸಲ ಈ ಊರಿಗೆ ಬಂದಿಲ್ಲ, ಸುತ್ತಿ ಸುತ್ತಿ ಬರುತ್ತಲೇ ಇದ್ದಾನೆ ಅಂತ ಅಭಿಮಾನಿಗಳು ಮೊದಲಿಂದಲೂ ವಾದ ಮಾಡುತ್ತಿದ್ದರು. ಅಪಾರ್ಟ್‌ಮೆಂಟ್‌ನಲ್ಲಿ ಟಿವಿ ಮುಂದೆ ಸತ್ತು ಕೂತಿರುವವನು ಜೇಮ್ಸ್ ಥರವೇ ಕಾಣುತ್ತಾನೆ ಅನ್ನೋದು ಆ ವಾದಕ್ಕೆ ಆಧಾರ. ರೀಮೇಕ್‌ನಲ್ಲಿ 'ಗ್ಲಿಂಪ್ಸಸ್ ಆಫ್ ದ ಪಾಸ್ಟ್' ಅಂತ ಕೆಲವು ಜಾಗಗಳೂ ಇವೆ. ಹಳೆಯ ಗೇಮ್‌ನಲ್ಲಿ ಮುಖ್ಯವಾಗಿದ್ದ ವಸ್ತು ಅಥವಾ ಮೂಲೆ ಅಲ್ಲಿರುತ್ತದೆ. ಈಗ ಅದರಿಂದ ಏನೂ ಉಪಯೋಗ ಇಲ್ಲ. ಜೇಮ್ಸ್ ಮುಟ್ಟಿದಾಗ ಒಂದು ವಿಚಿತ್ರ ಸದ್ದು ಕೇಳಿಸುತ್ತದೆ, ಅಷ್ಟೇ. ಹಳಬರಿಗೆ ಅದು ನೆನಪು. ಫೋಟೋಗಳ ಜೊತೆ ಸೇರಿಸಿ ನೋಡಿದರೆ ಎಂಟು ಎಂಡಿಂಗ್‌ಗಳೂ ಒಟ್ಟಿಗೆ ನಿಜ ಆಗಬಹುದು ಅನ್ನಿಸುತ್ತದೆ: ಪ್ರತಿ ಸುತ್ತಿಗೆ ಒಂದೊಂದು ಕೊನೆ. ನನಗೆ ಈ ಓದು ಪೂರ್ತಿ ಒಪ್ಪಿಗೆ. ಮತ್ತೆ ಮತ್ತೆ ಆಡುವುದಕ್ಕೇ ಅದು ಕಥೆಯೊಳಗೆ ಒಂದು ಕಾರಣ ಕೊಡುತ್ತದೆ.

ಬೇಸರದ ವಿಷಯ ಒಂದಿದೆ. ರೀಮೇಕ್ ಮೂಲಕ್ಕಿಂತ ತುಂಬಾ ಉದ್ದ, ಹೆಚ್ಚು ಕಡಿಮೆ ಎರಡು ಪಟ್ಟು. ಮೊದಲ ಸಲ ಅದು ಒಳ್ಳೆಯದೇ. ಜೈಲಿನ ಭಾಗದಲ್ಲಿ ಉಸಿರು ಬಿಗಿಹಿಡಿದು ನಡೆದಿದ್ದೆ. ಆದರೆ ಎಂಡಿಂಗ್‌ಗಾಗಿ ಮತ್ತೆ ಬಂದಾಗ ಅದೇ ಜೈಲು, ಅದೇ ಆಸ್ಪತ್ರೆ ಜಾಸ್ತಿ ಆಯಿತು ಅನ್ನಿಸುತ್ತದೆ. ಶತ್ರುಗಳೂ ಜಾಸ್ತಿ. ಗೊತ್ತಿರುವ ಒಗಟನ್ನು ದಾಟಿಸಿ ಮುಂದೆ ಬಿಡುವ ದಾರಿ ಒಂದಿದ್ದರೆ ಎಂಟೂ ಎಂಡಿಂಗ್ ನೋಡುವವರ ಸಂಖ್ಯೆ ಹೆಚ್ಚುತ್ತಿತ್ತು.

ಎರಡನೇ ಸುತ್ತಿಗೆ ಹೋಗುವವರು ಹೊಡೆದಾಟ ಮತ್ತು ಒಗಟು ಎರಡರ ಕಷ್ಟದ ಮಟ್ಟವನ್ನೂ ಇಳಿಸಿ ಶುರು ಮಾಡಿ, ಎರಡಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇದೆ. ಊರಿಗೆ ಇಳಿಯುವ ಕಾಡಿನ ದಾರಿಯಲ್ಲೇ ಚೈನ್‌ಸಾ ಸಿಗುತ್ತದೆ, ಬಿಡಬೇಡಿ. ಕಥೆಯ ಕೊನೆಯಲ್ಲಿ ಬರುವ ಹೋಟೆಲ್ ತಲುಪಿದ ಮೇಲೆ ಒಂದೇ ಸೇವ್ ಮೇಲೆ ಬರೆಯುತ್ತಾ ಹೋಗದೆ ಬೇರೆ ಬೇರೆ ಸೇವ್ ಇಟ್ಟುಕೊಳ್ಳಿ. ಡಾಗ್, ಯುಎಫ್‌ಒ, ಬ್ಲಿಸ್ ಮೂರೂ ಆ ಹೋಟೆಲ್‌ನಲ್ಲೇ ಮುಗಿಯುತ್ತವೆ. ಡಾಗ್ ಅನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಬ್ಲಿಸ್ ಆದಮೇಲೆ ಆ ನಗು ಬೇಕಾಗುತ್ತದೆ.