ಆರು ವರ್ಷ ಚಂದಾ ಕಟ್ಟಿದ ಮೇಲೆ: ಹಳೆಯ ಕನ್ನಡ ಹಾಡು ಕೇಳುವವರಿಗೆ ಮ್ಯೂಸಿಕ್ ಆಪ್ ಎಷ್ಟು ಒದಗುತ್ತದೆ?

2019ರ ದಸರೆ ಹೊತ್ತಿಗೆ ಒಂದು ಮ್ಯೂಸಿಕ್ ಆಪ್‌ಗೆ ವರ್ಷದ ಚಂದಾ ಕಟ್ಟಿ, ಅಡುಗೆಮನೆಯ ಕಿಟಕಿಯ ಹತ್ತಿರ ಒಂದು ಬ್ಲೂಟೂತ್ ಸ್ಪೀಕರ್ ತಂದಿಟ್ಟೆ. ಅಮ್ಮನಿಗಾಗಿ. ಅವಳಿಗೆ ಈಗ 76 ವರ್ಷ. ಪೊರೆ ತೆಗೆಸಿದ ಮೇಲೂ ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ, ಕಿವಿ ಮಾತ್ರ ಚುರುಕು. ಮೊದಲ ದಿನ ಅವಳು ಕೇಳಿದ್ದು ಬೇಂದ್ರೆಯವರ ‘ಮೂಡಲ ಮನೆಯ’. ಹುಡುಕಿದೆ, ಮೇಲೆ ಬಂದದ್ದನ್ನು ಒತ್ತಿದೆ. ಪಲ್ಲವಿಯ ಮೊದಲ ಸಾಲು ಇನ್ನೂ ಮುಗಿದಿರಲಿಲ್ಲ, ಒಗ್ಗರಣೆ ಸೌಟು ಹಿಡಿದುಕೊಂಡೇ ಅಮ್ಮ ಈಚೆ ಬಂದಳು. “ಇದು ಜಾನಕಿಯಮ್ಮನ ದನಿ ಅಲ್ಲ ಕಣೋ.”

ಫೋನ್ ನೋಡಿದರೆ ‘ಬೆಳ್ಳಿ ಮೋಡ’ ಚಿತ್ರದ ಹಳೆಯ ಫೋಟೋ ಇತ್ತು. ಹಾಡಿನ ಹೆಸರು ಅದೇ. ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ, ನಾನು ಕೇಳಿರದ ಒಬ್ಬ ಗಾಯಕಿಯ ಹೆಸರು. ಆಕೆ ಚೆನ್ನಾಗಿಯೇ ಹಾಡಿದ್ದರು, ಅದನ್ನು ಮೊದಲೇ ಹೇಳಿಬಿಡಬೇಕು. ಆದರೆ 1967ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಆ ಚಿತ್ರಕ್ಕೆ ವಿಜಯಭಾಸ್ಕರ್ ಮಾಡಿದ ರಾಗಸಂಯೋಜನೆ, ಎಸ್. ಜಾನಕಿಯವರ ಆ ದನಿ ಬೇಕು ಎಂದು ಕೇಳಿದವರ ಕೈಗೆ ಬೇರೆಯದನ್ನು ಅದೇ ಚೀಟಿ ಅಂಟಿಸಿ ಕೊಟ್ಟಂತಾಗಿತ್ತು. ಆರು ವರ್ಷ ಇದೇ ಆಪ್ ಬಳಸಿದ್ದೇನೆ. ನನ್ನ ದೊಡ್ಡ ದೂರು ಆ ಮೊದಲ ದಿನದ್ದೇ.

ಆಪ್ ಹೆಸರು ಹೇಳುವುದಿಲ್ಲ. ನೆಂಟರ ಮನೆಗಳಲ್ಲಿ ಬೇರೆ ಬೇರೆ ಆಪ್‌ಗಳಲ್ಲೂ ಹುಡುಕಿ ನೋಡಿದ್ದೇನೆ, ಹೆಚ್ಚುಕಡಿಮೆ ಎಲ್ಲ ಕಡೆ ಇದೇ ಕಥೆ.

ಒಳ್ಳೆಯದನ್ನೂ ಹೇಳಬೇಕು, ಅದು ಸಣ್ಣದಲ್ಲ. ಅಪ್ಪ ಕ್ಯಾಸೆಟ್ ಅಂಗಡಿಗೆ ಪಟ್ಟಿ ಬರೆದುಕೊಟ್ಟು, ವಾರ ಕಾದು, 90 ನಿಮಿಷದ ಕ್ಯಾಸೆಟ್ ತುಂಬಿಸಿಕೊಂಡು ಬರುತ್ತಿದ್ದರು. ಅಂಥ ಮೂವತ್ತು ಕ್ಯಾಸೆಟ್ ಮನೆಯಲ್ಲಿದ್ದವು, ಅರ್ಧಕ್ಕರ್ಧ ಬೂಷ್ಟು ಹಿಡಿದು ಹೋದವು. ಆ ಹಾಡುಗಳಲ್ಲಿ ಹೆಚ್ಚಿನವು ಆಪ್‌ನಲ್ಲಿ ಸಿಕ್ಕಿವೆ. ಲತಾ ಮಂಗೇಶ್ಕರ್ 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಹಾಡಿದ ‘ಬೆಳ್ಳನೆ ಬೆಳಗಾಯಿತು’ ಅಮ್ಮ ರೇಡಿಯೊದಲ್ಲಿ ಕೇಳಿ ಎಷ್ಟೋ ದಶಕವಾಗಿತ್ತು. ಅದು ಸಿಕ್ಕ ದಿನ ಸತತ ನಾಲ್ಕು ಸಲ ಹಾಕಿಸಿಕೊಂಡಳು. ಧ್ವನಿಯ ಗುಣಮಟ್ಟದ ಬಗ್ಗೆಯೂ ತಕರಾರಿಲ್ಲ. ಮೂಲ ಧ್ವನಿಮುದ್ರಣ ಸಿಕ್ಕಾಗ ಅದು ನಮ್ಮ ಕ್ಯಾಸೆಟ್‌ಗಿಂತ ಎಷ್ಟೋ ಪಾಲು ಸ್ವಚ್ಛವಾಗಿರುತ್ತದೆ. ಕ್ಯಾಸೆಟ್‌ನಲ್ಲಿ ಮಸುಕಾಗಿದ್ದ ಪಿಟೀಲುಗಳ ಒಳದನಿ, ತಬಲದ ಎಡದ ಗುಮುಕು ಎಲ್ಲ ಕೇಳುತ್ತದೆ.

ಸಿಕ್ಕಾಗ. ತೊಡಕಿರುವುದೇ ಆ ಮಾತಿನಲ್ಲಿ.

ಅಮ್ಮನ ಕಾಲದ ರೇಡಿಯೊದಲ್ಲಿ ಹಾಡಿಗೆ ಮುಂಚೆ ಉದ್ಘೋಷಕರು ಚಿತ್ರದ ಹೆಸರು, ಬರೆದವರು, ಸಂಗೀತ ನಿರ್ದೇಶಕರು, ಹಾಡಿದವರು ಎಲ್ಲವನ್ನೂ ಹೇಳುತ್ತಿದ್ದರು. ಹತ್ತು ಸೆಕೆಂಡಿನ ಕೆಲಸ. ಓದು ಬರಹ ಹೆಚ್ಚಿಲ್ಲದ ನಮ್ಮ ಅಜ್ಜಿಗೂ ಚಿ. ಉದಯಶಂಕರ್ ಯಾರು, ಆರ್.ಎನ್. ಜಯಗೋಪಾಲ್ ಯಾರು ಅಂತ ಗೊತ್ತಿದ್ದದ್ದು ಹಾಗೆ. ನನ್ನ ಆಪ್‌ನಲ್ಲಿ ‘ಮೂಡಲ ಮನೆಯ’ ಹಾಡಿನ ಕೆಳಗೆ ಬೇಂದ್ರೆ ಹೆಸರು ಇವತ್ತಿಗೂ ಇಲ್ಲ. ಇಸವಿ ಇರುವ ಕಡೆ ಚಿತ್ರದ ಇಸವಿ ಇರುವುದಿಲ್ಲ, ಕಂಪನಿ ಹಾಡನ್ನು ಆಪ್‌ಗೆ ಏರಿಸಿದ ಇಸವಿ ಇರುತ್ತದೆ. 1971ರ ಹಾಡಿಗೆ 2014 ಅಂತ ಬಿದ್ದರೆ ಇಪ್ಪತ್ತರ ಹುಡುಗನಿಗೆ ಏನು ಅರ್ಥವಾಗಬೇಕು?

ಹಾಡಿದವರ ಹೆಸರೂ ಅಷ್ಟೆ. ಪಿ.ಬಿ. ಶ್ರೀನಿವಾಸ್ ಹಾಡಿದ ಎಷ್ಟೋ ಹಾಡುಗಳಿಗೆ ಕಲಾವಿದರು ಎಂಬ ಕಡೆ ‘ಡಾ. ರಾಜ್‌ಕುಮಾರ್’ ಎಂದಿದೆ. ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡಿದ್ದು ಪಿ.ಬಿ.ಎಸ್. ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ’ ಕೂಡ ಅವರದ್ದೇ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’ ಆದಮೇಲೆಯೇ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು. ಅದಕ್ಕೂ ಮುಂಚಿನ ವರ್ಷಗಳಲ್ಲಿ ತೆರೆಯ ಮೇಲಿನ ರಾಜ್‌ಗೂ ಮೈಕಿನ ಹಿಂದಿನ ಪಿ.ಬಿ.ಎಸ್. ಅವರಿಗೂ ಎಂಥ ಹೊಂದಾಣಿಕೆ ಇತ್ತೆಂದರೆ ಜನ ಇಬ್ಬರನ್ನೂ ಒಂದೇ ಅಂದುಕೊಂಡರು. ಅದು ಅವರ ದೊಡ್ಡತನ. ಅವರ ಹೆಸರನ್ನೇ ಅಳಿಸಿದರೆ ಅನ್ಯಾಯ. ಆಪ್‌ನವರಿಗೆ ನಾಲ್ಕು ಸಲ ಬರೆದೆ. ಪ್ರತಿ ಸಲವೂ ಮಾಹಿತಿ ಹಕ್ಕುದಾರ ಕಂಪನಿಯಿಂದ ಬರುತ್ತದೆ ಎಂಬ ಒಂದೇ ಉತ್ತರ.

ಇನ್ನೊಂದು ಬಗೆಯ ಕಲಬೆರಕೆ ನನ್ನನ್ನು ಹೆಚ್ಚು ನೋಯಿಸುತ್ತದೆ. ದನಿ ಮೂಲದ್ದೇ ಇರುತ್ತದೆ, ಹಿಂದೆ ಹೊಸ ಡ್ರಮ್ ಸೇರಿಸಿರುತ್ತಾರೆ. 90ರ ದಶಕದಲ್ಲಿ ಬಸ್ಸುಗಳಲ್ಲಿ ಕೇಳಿಬರುತ್ತಿದ್ದ ಝಂಕಾರ್ ಬೀಟ್ಸ್ ಕ್ಯಾಸೆಟ್‌ಗಳ ಪದ್ಧತಿ ಅದು. ಕವರ್, ಅಂದರೆ ಹಳೆಯ ಹಾಡನ್ನು ಬೇರೆಯವರು ಹೊಸದಾಗಿ ಹಾಡಿ ಮುದ್ರಿಸಿದ್ದು. ಅದನ್ನು ಹಾಡಿದವರು ತಮ್ಮ ದನಿಯಲ್ಲಿ ತಾವು ಹಾಡುತ್ತಾರೆ, ಮೂಲವನ್ನು ಮುಟ್ಟುವುದಿಲ್ಲ. ಇಲ್ಲಿ ಮೂಲವನ್ನೇ ತಿದ್ದಿರುತ್ತಾರೆ. ವಿಜಯಭಾಸ್ಕರ್ ಬೇಕೆಂದೇ ಬಿಟ್ಟ ಮೌನದ ಜಾಗದಲ್ಲಿ ಯಾರೋ ಢಬಢಬ ತುಂಬಿದ್ದಾರೆ.

ಹಾಗಾದರೆ ಮೂಲವನ್ನು ಗುರುತಿಸುವುದು ಹೇಗೆ? ಅಮ್ಮನಿಗೆ ದನಿ ಸಾಕು. ನನಗೆ ಅಷ್ಟು ಕಿವಿ ಇಲ್ಲ, ಕಲಿಯಬೇಕಾಯಿತು. ನಾನು ಮೊದಲು ನೋಡುವುದು ಉದ್ದ. ಆ ಕಾಲದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು, ಮೂರೂವರೆ ನಿಮಿಷ ಹಿಡಿಯುತ್ತಿತ್ತು. ಆಮೇಲೆ ಹೆಚ್ಚು ಹೊತ್ತು ಹಿಡಿಯುವ ಇಪಿ, ಎಲ್‌ಪಿ ತಟ್ಟೆಗಳು ಬಂದರೂ ಹಾಡಿನ ಅಳತೆ ಹೆಚ್ಚೇನೂ ಬದಲಾಗಲಿಲ್ಲ. ಹಳೆಯ ಹಾಡು ಐದೂವರೆ ನಿಮಿಷ ಅಂತ ತೋರಿಸಿದರೆ ನಾನು ಅನುಮಾನಿಸುತ್ತೇನೆ. ಆದರೆ ಇದೊಂದನ್ನೇ ನಂಬಬೇಡಿ. ಸಿನಿಮಾದಲ್ಲಿದ್ದ ಒಂದು ಚರಣ ತಟ್ಟೆಯಲ್ಲಿ ಇಲ್ಲದಿರುವುದುಂಟು, ಚಿತ್ರದ ಧ್ವನಿಪಥದಿಂದ ಎತ್ತಿದ ಹಾಡು ಉದ್ದವಾಗಿಯೂ ಇರಬಹುದು.

ಎರಡನೆಯದು ಕೋಣೆ. ಆಗಿನ ಕನ್ನಡ ಚಿತ್ರಗಳ ಹಾಡುಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ ಆದವು. ಗಾಯಕರು, ಪಿಟೀಲಿನವರು, ತಬಲದವರು, ಕೊಳಲಿನವರು ಎಲ್ಲ ಒಂದೇ ಹೊತ್ತಿಗೆ ಸೇರಿ ನುಡಿಸುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಇಯರ್‌ಫೋನ್ ಹಾಕಿ ಕೇಳಿದರೆ ಅದು ತಿಳಿಯುತ್ತದೆ: ಎಲ್ಲ ದನಿಗಳೂ ಎಡ ಬಲ ಹಂಚಿಹೋಗದೆ ನಡುವಿನಲ್ಲೇ ಇರುತ್ತವೆ, ಹಾಡುವವರು ಉಸಿರು ತೆಗೆದುಕೊಂಡದ್ದು ಕೇಳುತ್ತದೆ, ಚರಣದ ಕೊನೆಯಲ್ಲಿ ಲಯ ಕೂದಲೆಳೆಯಷ್ಟು ಸಡಿಲಿ ಮತ್ತೆ ಕೂಡಿಕೊಳ್ಳುತ್ತದೆ. ಯಂತ್ರದ ತಾಳದ ಮೇಲೆ ಹಾಡಿದ ಕವರ್‌ನಲ್ಲಿ ಈ ಸಡಿಲಿಕೆ ಇರುವುದಿಲ್ಲ. ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’ ಕೇಳಿ ನೋಡಿ. ಪಿ.ಬಿ.ಎಸ್. ಬಿಟ್ಟ ಕಡೆಯಿಂದ ವಾಣಿ ಜಯರಾಂ ಎತ್ತಿಕೊಳ್ಳುವ ರೀತಿಗೆ ರಾಜನ್–ನಾಗೇಂದ್ರರ ವಾದ್ಯಗಳೆಲ್ಲ ಒಂದು ಕ್ಷಣ ಹಿಂದೆ ಸರಿದು ದಾರಿ ಬಿಡುತ್ತವೆ. ಆ ಹಾಡಿನ ಕವರ್‌ಗಳನ್ನು ಹತ್ತಾರು ಕೇಳಿದ್ದೇನೆ. ಸ್ವರ ಎಲ್ಲ ಸರಿಯಿರುತ್ತದೆ, ದಾರಿ ಬಿಡುವುದು ಮಾತ್ರ ಇರುವುದಿಲ್ಲ.

ಇಷ್ಟು ಹೇಳಿದೆ ಅಂತ ನನ್ನನ್ನು ಕವರ್ ವಿರೋಧಿ ಅಂದುಕೊಳ್ಳಬೇಡಿ. ನಾನು ಈ ಹಾಡುಗಳನ್ನು ಕಲಿತದ್ದೇ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಿಂದ. ಶಿವಮೊಗ್ಗದಲ್ಲಿ ಗಣಪತಿ ಕೂರಿಸಿದ ಮೇಲೆ ಬೀದಿ ಬೀದಿಯಲ್ಲಿ ರಾತ್ರಿ ಹನ್ನೊಂದರವರೆಗೂ ಅದೇ. ವೇದಿಕೆಯ ಮೇಲಿದ್ದವರು “ಈಗ ಪಿ.ಬಿ.ಎಸ್. ಅವರ ಹಾಡು” ಎಂದು ಹೇಳಿಯೇ ಹಾಡುತ್ತಿದ್ದರು. ಹೇಳಿ ಹಾಡಿದ್ದು ಗೌರವ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲೂ ಮಕ್ಕಳು ಹಾಡುವ ಮುಂಚೆ ಅಥವಾ ಹಾಡಿದ ಮೇಲೆ ಬರೆದವರ, ರಾಗ ಹಾಕಿದವರ ಮಾತು ಬಂದೇ ಬರುತ್ತಿತ್ತು. ನಮ್ಮ ಕಾನೂನಿನಲ್ಲೂ ಇದೇ ಭಾವ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದಾಗ 31ಸಿ ಎಂಬ ಕಲಮು ಸೇರಿತು. ಅದರಡಿ ಕವರ್ ಮಾಡುವವರು ಮೊದಲ ಧ್ವನಿಮುದ್ರಣ ಆದ ವರ್ಷ ಮುಗಿದ ಮೇಲೆ ಐದು ವರ್ಷ ಕಾಯಬೇಕು, ಬರೆದವರಿಗೆ ರಾಗ ಹಾಕಿದವರಿಗೆ ರಾಯಧನ ಮುಂಗಡವಾಗಿ ಕೊಡಬೇಕು, ಹೊದಿಕೆಯ ಮೇಲೆ ಇದು ಕವರ್ ಎಂದು ಬರೆಯಬೇಕು. ಹಳೆಯ ಗಾಯಕರ ಹೆಸರಾಗಲಿ ಚಿತ್ರವಾಗಲಿ, ಆ ಸಿನಿಮಾದ ಹೆಸರಾಗಲಿ ಹಾಕಿ ಜನರನ್ನು ದಾರಿ ತಪ್ಪಿಸುವಂತಿಲ್ಲ. ಅಂಗಡಿಯ ಕ್ಯಾಸೆಟ್‌ಗೆ ಹೊದಿಕೆ ಇತ್ತು, ತಿರುಗಿಸಿ ನೋಡಬಹುದಿತ್ತು. ಫೋನಿನಲ್ಲಿ ಅಂಗುಲದಷ್ಟು ಚಿತ್ರ, ಅದರ ಬೆನ್ನ ಮೇಲೆ ಏನೂ ಇಲ್ಲ.

ಭಾವಗೀತೆಗೆ ಬಂದರೆ ಮಾತೇ ಬೇರೆ. ಇದನ್ನು ನಾನು ಅರ್ಥ ಮಾಡಿಕೊಳ್ಳಲು ಎರಡು ಮೂರು ವರ್ಷ ಬೇಕಾಯಿತು. ಸಿನಿಮಾ ಹಾಡಿನಲ್ಲಿ ಮೂಲ ಎಂದರೆ ಆ ಒಂದು ದಿನದ ಧ್ವನಿಮುದ್ರಣ. ಭಾವಗೀತೆಯಲ್ಲಿ ಮೂಲ ಎಂದರೆ ಪುಸ್ತಕದಲ್ಲಿರುವ ಕವಿತೆ, ರಾಗ ಆಮೇಲೆ ಬಂದದ್ದು, ಒಂದಕ್ಕಿಂತ ಹೆಚ್ಚೂ ಬರಬಹುದು. ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು, ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಅದು. ಅಲ್ಲಿಂದ ಮುಂದೆ ಒಂದೇ ಕವಿತೆ ಎರಡು ಮೂರು ರಾಗದಲ್ಲಿ ಮನೆಮನೆಗೆ ಬಂದಿದೆ. ಅಡಿಗರ ‘ಯಾವ ಮೋಹನ ಮುರಳಿ’ಯನ್ನೇ ತೆಗೆದುಕೊಳ್ಳಿ. ಅನಂತಸ್ವಾಮಿಯವರ ರಾಗದಲ್ಲಿ ರತ್ನಮಾಲಾ ಪ್ರಕಾಶ್ ಹಾಡಿದ್ದನ್ನು ಕೇಳಿ ಬೆಳೆದವರು ನಾವು. 1997ರ ‘ಅಮೆರಿಕಾ ಅಮೆರಿಕಾ’ ಚಿತ್ರಕ್ಕೆ ಮನೋಮೂರ್ತಿ ಬೇರೆ ರಾಗ ಹಾಕಿದರು. ಸಂಗೀತಾ ಕಟ್ಟಿಯವರ ಜೊತೆ ಅದನ್ನು ಹಾಡಿದ ರಾಜು ಅನಂತಸ್ವಾಮಿ, ಅನಂತಸ್ವಾಮಿಯವರ ಮಗ. ತಂದೆಯ ರಾಗವನ್ನು ಕೇಳುತ್ತಲೇ ಬೆಳೆದಿರಬಹುದಾದ ಮಗನ ದನಿಯಲ್ಲಿ ಅದೇ ಕವಿತೆ ಇನ್ನೊಂದು ರಾಗ ಉಟ್ಟುಕೊಂಡು ಬಂತು. ಇದರಲ್ಲಿ ಯಾವುದನ್ನು ಕವರ್ ಅನ್ನುತ್ತೀರಿ? ಎರಡೂ ಅಲ್ಲ. ನನಗೆ ಎರಡೂ ಬೇಕು, ಯಾವುದು ಯಾರದ್ದು ಎಂದು ತಿಳಿದು ಬೇಕು.

ನಾಡಗೀತೆಗೂ ಹೀಗೇ ಆಯಿತಲ್ಲ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರ ಜನವರಿಯಲ್ಲಿ ನಾಡಗೀತೆಯಾಯಿತು. ಅನಂತಸ್ವಾಮಿ ರಾಗವೋ ಸಿ. ಅಶ್ವಥ್ ರಾಗವೋ ಎಂಬ ವಾದ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ರಾಗವನ್ನು ಎರಡೂವರೆ ನಿಮಿಷದ ಮಿತಿಯೊಂದಿಗೆ ಗೊತ್ತುಮಾಡಿತು. ರಾಗದ ಹೆಸರಿಗೆ ಒಂದು ನಾಡು ಇಷ್ಟು ಚರ್ಚೆ ಮಾಡುತ್ತದೆ. ನನ್ನ ಆಪ್‌ನಲ್ಲಿ ಅದೇ ಗೀತೆ ಹುಡುಕಿದರೆ ಸಾಲಾಗಿ ಬರುವವುಗಳಲ್ಲಿ ರಾಗ ಸಂಯೋಜಕರ ಹೆಸರಿರುವುದು ಎರಡಕ್ಕೋ ಮೂರಕ್ಕೋ.

ಮಗಳದ್ದೊಂದು ಪ್ರಸಂಗ. ಅವಳು ಹಿಂದಿ ಚಿತ್ರ ‘ಚೀನಿ ಕಮ್’ನ ‘ಜಾನೇ ದೋ ನಾ’ ಗುನುಗುತ್ತಿದ್ದಳು. ನಾನು 1981ರ ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’ ಹಾಕಿದೆ. ಇಳಯರಾಜಾ ತಮ್ಮದೇ ರಾಗವನ್ನು 2007ರಲ್ಲಿ ಮತ್ತೆ ತಂದದ್ದು ಎಂದು ತಿಳಿದಾಗ ಅವಳ ಮುಖ ನೋಡಬೇಕಿತ್ತು. ಅವತ್ತಿನಿಂದ ಎಸ್.ಪಿ.ಬಿ., ಜಾನಕಿ ಇಬ್ಬರೂ ಅವಳ ಪಟ್ಟಿಯಲ್ಲಿದ್ದಾರೆ. ಇಂಥ ನಂಟನ್ನು ತೋರಿಸುವ ಒಂದೇ ಒಂದು ಗೆರೆ ಆಪ್‌ನಲ್ಲಿ ಇದ್ದಿದ್ದರೆ ಇನ್ನೆಷ್ಟು ಮಕ್ಕಳು ಹಿಂದಕ್ಕೆ ನಡೆದು ಬರುತ್ತಿದ್ದರೋ.

ಚಂದಾ ಕಟ್ಟಬೇಕೆಂದಿರುವವರಿಗೆ ಕೆಲವು ಮಾತು. ಹಾಡಿನ ಹೆಸರಿನಿಂದ ಹುಡುಕಬೇಡಿ, ಚಿತ್ರದ ಹೆಸರಿನಿಂದ ಹುಡುಕಿ, ಆ ಚಿತ್ರದ ಎಲ್ಲ ಹಾಡೂ ಇರುವ ಆಲ್ಬಮ್ ತೆರೆಯಿರಿ. ಮೂಲ ಸಿಗುವ ಸಂಭವ ಅಲ್ಲಿ ಹೆಚ್ಚು. ‘ಹಿಟ್ಸ್’, ‘ಸವಿನೆನಪು’ ಎಂಬ ಸಂಕಲನಗಳಲ್ಲಿ ಕವರ್ ಬೆರೆತಿರುತ್ತವೆ. ಕನ್ನಡ ಲಿಪಿಯಲ್ಲಿ ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ದೀರ್ಘ, ಹ್ರಸ್ವ ಬದಲಿಸಿ ಎರಡು ಮೂರು ಬಗೆಯಲ್ಲಿ ಹೊಡೆದು ನೋಡಿ. ದನಿಯಲ್ಲಿ ಹೇಳಿ ಹುಡುಕಿಸುವ ಸೌಲಭ್ಯ ಹಿಂದಿಗಿಂತ ಈಗ ಎಷ್ಟೋ ವಾಸಿ, ಅಮ್ಮನ ಉಚ್ಚಾರಣೆಯನ್ನೂ ಹಿಡಿಯುತ್ತದೆ. ಆದರೆ ಅದು ಮೊದಲು ಹಾಕುವುದು ಹೆಚ್ಚು ಜನ ಕೇಳಿದ್ದನ್ನು, ಮೂಲವನ್ನಲ್ಲ. ಇನ್ನೊಂದು, ಡೌನ್‌ಲೋಡ್ ಮಾಡಿಟ್ಟದ್ದು ನಿಮ್ಮದು ಎಂದು ತಿಳಿಯಬೇಡಿ. ಕಂಪನಿಗಳ ನಡುವಿನ ಒಪ್ಪಂದ ಮುಗಿದರೆ ಹಾಡು ಬೂದು ಬಣ್ಣಕ್ಕೆ ತಿರುಗುತ್ತದೆ, ಒತ್ತಿದರೆ ಬರುವುದಿಲ್ಲ. ನಮ್ಮ ಪಟ್ಟಿಯಿಂದ ಒಂದೇ ತಿಂಗಳಲ್ಲಿ ಹನ್ನೊಂದು ಹಾಡು ಹಾಗೆ ಹೋದವು, ಆರು ಮಾತ್ರ ವಾಪಸು ಬಂದವು. ಹಳೆಯ ಸಿಡಿ ಇದ್ದರೆ ಬಿಸಾಡಬೇಡಿ.

ಕಳೆದ ವರ್ಷದಿಂದ ನಾವೊಂದು ಕೆಲಸ ಶುರು ಮಾಡಿದ್ದೇವೆ. ಇನ್ನೂರು ಪುಟದ ನೋಟ್‌ಬುಕ್. ಸಂಜೆ ಹಾಡು ಹಾಕುತ್ತೇವೆ, ಅಮ್ಮ ಕೇಳಿ ಮೂಲವೋ ಕವರೋ ಹೇಳುತ್ತಾಳೆ, ಚಿತ್ರ, ಕವಿ, ಸಂಗೀತ, ದನಿ ಒಂದೊಂದಾಗಿ ಹೇಳುತ್ತಾಳೆ, ಮಗಳು ಬರೆದುಕೊಳ್ಳುತ್ತಾಳೆ. ಅಮ್ಮ ಹೇಳಿದ್ದನ್ನು ನಾನು ಹಳೆಯ ಪದ್ಯಾವಳಿಗಳ ಜೊತೆ ತಾಳೆ ನೋಡುತ್ತೇನೆ. ಚಿತ್ರ ಶುರುವಾಗುವ ಮುಂಚೆ ಟಾಕೀಸಿನಲ್ಲಿ ಮಾರುತ್ತಿದ್ದ ತೆಳು ಹಾಳೆಯ ಆ ಪುಸ್ತಕಗಳಲ್ಲಿ ಕೆಲವು ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದಿದ್ದವು. ಈವರೆಗೆ 186 ಹಾಡು ಆಗಿವೆ. ಅದರಲ್ಲಿ ಅಮ್ಮ ತಪ್ಪು ಹೇಳಿದ್ದು ಮೂರೇ ಕಡೆ. ಈ ಭಾನುವಾರ ‘ಗೆಜ್ಜೆ ಪೂಜೆ’ಯ ಹಾಡುಗಳ ಸರದಿ. ‘ಗಗನವು ಎಲ್ಲೋ’ ಹಾಡಿಗೆ ಆಪ್‌ನಲ್ಲಿ ಒಂಬತ್ತು ಧ್ವನಿಮುದ್ರಣ ಸಿಕ್ಕಿವೆ. ಒಂಬತ್ತನ್ನೂ ಸಾಲಾಗಿ ಇಟ್ಟಿದ್ದೇನೆ, ಯಾವುದರ ಹೆಸರನ್ನೂ ಅಮ್ಮನಿಗೆ ಹೇಳಿಲ್ಲ.