ಫೋಮ್ ಬಿಲ್ಲೆಯ ಪ್ಯಾಸಿವ್ ಸ್ಯಾಂಪ್ಲರ್: ಕಡಲಂಚಿನಲ್ಲಿ ಮೂರು ತಿಂಗಳು

ವಾಹನ, ಹಡಗು ಮತ್ತು ಕಲ್ಲಿದ್ದಲಿನ ಹೊಗೆಯಲ್ಲಿರುವ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳು, ಅಂದರೆ ಪಿಎಎಚ್‌ಗಳು, ಗಾಳಿಯಿಂದ ಕರಾವಳಿಯ ನೀರಿಗೆ ಎಷ್ಟು ಇಳಿಯುತ್ತವೆ ಎಂಬುದನ್ನು ಅಳೆಯುವ ಉದ್ದೇಶದಿಂದ ನಾವು ಈ ಪ್ಯಾಸಿವ್ ಸ್ಯಾಂಪ್ಲರನ್ನು, ಅಂದರೆ ಗಾಳಿಯಲ್ಲಿನ ಸಂಯುಕ್ತಗಳನ್ನು ತಾನಾಗಿಯೇ ಹೀರಿಕೊಳ್ಳುವ ಉಪಕರಣವನ್ನು, ಕೊಂಡೆವು. ಎದುರುಬದುರಾಗಿ ಕೂಡಿಸಿದ ಎರಡು ಸ್ಟೀಲ್ ಬೋಗುಣಿಗಳ ನಡುವೆ 14 ಸೆಂ.ಮೀ. ವ್ಯಾಸದ ಪಾಲಿಯುರೆಥೇನ್ ಫೋಮ್ ಬಿಲ್ಲೆಯೊಂದು ಕುಳಿತಿರುತ್ತದೆ. ವಿದ್ಯುತ್ತೂ ಬೇಡ, ಪಂಪೂ ಬೇಡ. ಕಂಬಕ್ಕೆ ಕಟ್ಟಿ ಬಂದರೆ ಸಾಕು ಎನ್ನುವ ಈ ಸರಳತೆಯೇ ಇದರ ದೊಡ್ಡ ಗುಣ.

ಆದರೆ ಕಡಲ ದಂಡೆಯ ಗಾಳಿ ಈ ಸರಳತೆಯನ್ನು ಪರೀಕ್ಷಿಸುತ್ತದೆ. ಬಿಲ್ಲೆಯು ದಿನಕ್ಕೆ ಸುಮಾರು 3ರಿಂದ 4 ಘನ ಮೀಟರ್ ಗಾಳಿಗೆ ಸಮನಾದಷ್ಟು ಪಿಎಎಚ್‌ಗಳನ್ನು ಹೀರುತ್ತದೆ ಎಂಬ ಕೈಪಿಡಿಯ ಲೆಕ್ಕ ಮಂದಮಾರುತಕ್ಕೆ ಸರಿ. ಗಾಳಿ ಜೋರಾದಾಗ ಬೋಗುಣಿಯೊಳಗಿನ ಹರಿವೂ ಹೆಚ್ಚುವುದರಿಂದ ಆ ದರ ಏರುತ್ತದೆ. ಆದ್ದರಿಂದ ಡ್ಯುಟೀರಿಯಂ (ಭಾರವಾದ ಹೈಡ್ರೊಜನ್) ಸೇರಿಸಿದ ಪಿಎಎಚ್‌ಗಳನ್ನು ಬಿಲ್ಲೆಗೆ ಮೊದಲೇ ಉಣಿಸಿ, ಅವು ಎಷ್ಟು ಕಳೆದುಹೋದವು ಎಂಬುದರಿಂದ ದರವನ್ನು ಸ್ಥಳದಲ್ಲೇ ತಿದ್ದಿಕೊಳ್ಳುವುದು ಅನಿವಾರ್ಯ.

ಇಂಗಾಲದ ಮೂರು ಉಂಗುರಗಳ ಫೆನಾಂಥ್ರೀನ್‌ನಂತಹ ಅನಿಲರೂಪದ ಸಂಯುಕ್ತಗಳನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಅದಕ್ಕಿಂತ ಹಗುರವಾದ ನ್ಯಾಫ್ತಲೀನ್ ಬೇಗನೆ ತುಂಬಿಕೊಂಡು ನಿಂತುಬಿಡುವುದರಿಂದ ಆ ಅಂಕಿಯನ್ನು ನಾವು ಬಳಸಲಿಲ್ಲ. ನಿಜವಾದ ಕೊರತೆ ಕಾಣುವುದು ಐದು ಉಂಗುರಗಳ ಬೆಂಜೊಪೈರೀನ್‌ನಂತಹ ಭಾರದ ಸಂಯುಕ್ತಗಳಲ್ಲಿ. ಇವು ಮಸಿಯ ಕಣಗಳಿಗೆ ಅಂಟಿಕೊಂಡು, ಮಳೆಯೊಡನೆಯೋ ಒಣ ಧೂಳಾಗಿಯೋ ನೀರಿಗೆ ಬಿದ್ದು, ಕೊನೆಗೆ ತಳದ ಕೆಸರನ್ನು ಸೇರುತ್ತವೆ. ಕಣಗಳನ್ನು ಬಿಲ್ಲೆ ಎಷ್ಟು ಹಿಡಿಯುತ್ತದೆ ಎಂಬುದಕ್ಕೆ ಸ್ಥಿರವಾದ ದರವೇ ಇಲ್ಲ. ನೀರಿಗೆ ಬೀಳುವುದನ್ನು ಅಳೆಯಲೆಂದು ಕೊಂಡ ಉಪಕರಣ ಬೀಳುವ ಭಾಗದಲ್ಲೇ ಎಡವುತ್ತದೆ ಎಂಬುದು, ಒಪ್ಪಿಕೊಳ್ಳಬೇಕು, ನಮಗೆ ತಡವಾಗಿ ಹೊಳೆಯಿತು.

ನೀರಿನ ಮೇಲ್ಮೈಯಲ್ಲಿ ಅನಿಲ ಯಾವ ಕಡೆಗೆ ಚಲಿಸುತ್ತಿದೆ ಎಂಬುದನ್ನೂ ಇದೊಂದೇ ಹೇಳಲಾರದು, ಏಕೆಂದರೆ ನೀರು ಬಿಸಿಯಾದಾಗ ಅದೇ ಸಂಯುಕ್ತ ಮರಳಿ ಗಾಳಿಗೆ ಏಳಬಹುದು. ಎರಡನೆಯ ತಿಂಗಳಿನಿಂದ, ಇದೇ ಸಂಯುಕ್ತಗಳನ್ನು ಹೀರುವ ಪಾಲಿಎಥಿಲೀನ್ ಪ್ಲಾಸ್ಟಿಕ್ ಪಟ್ಟಿಗಳನ್ನು ಗಾಳಿಯಲ್ಲೂ ನೀರಿನಲ್ಲೂ ಒಟ್ಟಿಗೆ ಇರಿಸಿದ ಮೇಲೆಯೇ ದಿಕ್ಕು ಸ್ಪಷ್ಟವಾಯಿತು. ಪಕ್ಕದಲ್ಲಿ ಮಳೆ ಮತ್ತು ಧೂಳನ್ನು ಹಿಡಿಯುವ ಆಲಿಕೆಯೊಂದನ್ನೂ ನಿಲ್ಲಿಸಿದೆವು.

ಬೋಗುಣಿಗಳ ಸ್ಟೀಲ್ ಉಪ್ಪುಗಾಳಿಯನ್ನು ತಡೆದುಕೊಂಡಿತಾದರೂ ಜೊತೆಗೆ ಬಂದ ಬೋಲ್ಟ್‌ಗಳು ತುಕ್ಕು ಹಿಡಿದವು. ಕೊಳ್ಳುವವರು ಅವನ್ನು ಮೊದಲೇ ಬದಲಿಸಿಕೊಳ್ಳಲಿ. ಅನಿಲರೂಪದ ಪಿಎಎಚ್‌ಗಳಿಗೆ ಮಾತ್ರ ಇದನ್ನು ಮತ್ತೆ ಕೊಳ್ಳುತ್ತೇನೆ.